ಧ್ರುವಾಗಾನವೂ ಅಮೆರಿಕೆಯ ಪಕ್ಷಮಹಾಸಭೆಗಳ ಗೀತಗಳೂ

ಭರತಮುನಿಯು ನಾಟ್ಯಶಾಸ್ತ್ರದ ೩೨ನೆಯ ಅಧ್ಯಾಯದಲ್ಲಿ ಧ್ರುವಾ ಎಂಬ ಗೀತಜಾತಿಯನ್ನು ಸವಿಸ್ತಾರವಾಗಿ ನಿರೂಪಿಸಿರುವನು. ಪಾತ್ರವು ರಂಗವನ್ನು ಪ್ರವೇಶಿಸುವಾಗ ಹಾಡತಕ್ಕದ್ದು ಪ್ರಾವೇಶಿಕೀ; ನಿರ್ಗಮಿಸುವಾಗ ಹಾಡತಕ್ಕದ್ದು ನೈಷ್ಕ್ರಾಮಿಕೀ; ನಡೆಯುತ್ತಿರುವ ರಸವನ್ನು ತಟಕ್ಕನೆ ಮುರಿದು ಬೇರೊಂದನ್ನು ತರುವುದು ಆಕ್ಷೇಪಿಕೀ; ಹಾಗೆ ಕಲಕಿದ ಸಾಮಾಜಿಕರ ಚಿತ್ತವನ್ನು ತಿಳಿಗೊಳಿಸುವುದು ಪ್ರಾಸಾದಿಕೀ; ರಂಗದ ಮೇಲೆ ಏನಾದರೂ ಎಡವಟ್ಟು ಸಂಭವಿಸಿದಾಗ ಆ ತೆರಪನ್ನು ಮುಚ್ಚುವುದು ಆಂತರಾ. ಈ ಐದರಲ್ಲಿ ಯಾವುದನ್ನೂ ಪಾತ್ರವು ತಾನೇ ಹಾಡುವುದಿಲ್ಲ. ಪಾತ್ರದ ಪರವಾಗಿ ಗಾಯಕವೃಂದವು ಹಾಡುವುದು. ಗೀತದ ಮಾತು ಅನೇಕವೇಳೆ ಪಾತ್ರವನ್ನು ಹೆಸರಿಸುವುದೂ ಇಲ್ಲ. ಆನೆಯನ್ನೋ ಹಂಸವನ್ನೋ ಚಂದ್ರನನ್ನೋ ಹೇಳಿ, ಬರತಕ್ಕವನು ಎಂಥವನೆಂಬುದನ್ನು ಸೂಚಿಸುವುದು. ಇನ್ನೊಂದು ವಿಶೇಷವೇನೆಂದರೆ, ಧ್ರುವೆಗಳಿಗೆ ವಿಹಿತವಾದ ಭಾಷೆಯು ಸಂಸ್ಕೃತವಲ್ಲ, ಶೌರಸೇನಿ. ರಾಜನೇ ಪ್ರವೇಶಿಸಲಿ, ಅವನನ್ನು ಒಳಗೆ ಕರೆತರುವ ಹಾಡು ಮಾತ್ರ ಜನರ ನುಡಿಯಲ್ಲಿರಬೇಕು.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಈ ಅಧ್ಯಾಯವನ್ನು ಬೇಗಬೇಗನೆ ದಾಟಿಸಿಬಿಡುತ್ತಿದ್ದರು. ಲಕ್ಷ್ಯವು ನಷ್ಟವಾಗಿ ಲಕ್ಷಣ ಮಾತ್ರ ಉಳಿದಿರುವ ಶಾಸ್ತ್ರವೆಂಬುದೇ ಅದಕ್ಕೆ ಕಾರಣ. ನಮ್ಮ ಯಕ್ಷಗಾನದ ಒಡ್ಡೋಲಗದಲ್ಲಿ ಪ್ರಾವೇಶಿಕಿಯ ನೆರಳು ಇದೆಯೆಂದು ಹೇಳುವವರುಂಟು. ಅದು ಬೇರೆ ಚರ್ಚೆ. ಈ ಲಕ್ಷಣಕ್ಕೆ ಜೀವಂತವಾದ ಲಕ್ಷ್ಯವು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜಕೀಯ ಪಕ್ಷಗಳ ಮಹಾಸಭೆಗಳಲ್ಲಿ ದೊರೆಯುವುದೆಂಬುದು ನನಗೆ ಈಚೆಗೆ ಹೊಳೆಯಿತು. ಅದಕ್ಕೆ ನಿಮಿತ್ತನಾದವನು ನನ್ನ ತಮ್ಮನ ಮಗ. ಆತನು ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದ ಸಮೀಪದಲ್ಲಿ ನೆಲಸಿ, ಆ ದೇಶದ ಪ್ರಜೆಯಾಗಿ, ಮತಾಧಿಕಾರವನ್ನು ಪಡೆದಿರುವನು. ೨೦೨೪ರ ಆಗಸ್ಟ್ ತಿಂಗಳಲ್ಲಿ ಷಿಕಾಗೋ ನಗರದಲ್ಲಿ ನೆರೆದ ಡೆಮೊಕ್ರಾಟಿಕ್ ಪಕ್ಷದ ಮಹಾಸಭೆಯ ಚಿತ್ರಮುದ್ರಿಕೆಯನ್ನು ಆತನು ಊರಿಗೆ ಬಂದಾಗ ತೋರಿಸಿದನು. ಅಲ್ಲಿ ಒಂದೊಂದು ಸಂಸ್ಥಾನದ ಹೆಸರನ್ನು ಕರೆದಾಗಲೂ ಆ ಸಂಸ್ಥಾನಕ್ಕೆಂದು ಆರಿಸಿದ ಒಂದೊಂದು ಗೀತವು ಮೊಳಗುತ್ತಿದ್ದಿತು. ಹೀಗೆ ಆರಿಸಿದ್ದು ಸರಿಯೋ ತಪ್ಪೋ ಎಂಬುದನ್ನು ನಮ್ಮ ಶಾಸ್ತ್ರದಿಂದ ನಿರ್ಣಯಿಸಲು ಬರುವುದೇ ಎಂಬುದು ಈ ಲೇಖನದ ವಿಷಯ. ಆ ಪಕ್ಷಗಳ ಆಡಳಿತದ ಗುಣದೋಷಗಳು ನನ್ನ ವಿಷಯವಲ್ಲ.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. ಅಧ್ಯಕ್ಷಪದವಿಗೆ ಉಮೇದುವಾರನನ್ನು ಆರಿಸುವುದಕ್ಕಾಗಿ ದೇಶದ ನಾನಾ ಭಾಗಗಳಿಂದ ಪ್ರತಿನಿಧಿಗಳನ್ನು ಕೂಡಿಸುವ ಪದ್ಧತಿಯು ೧೮೩೧-೩೨ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆರಂಭವಾಯಿತು. ಗೀತವು ಚುನಾವಣೆಯ ಮುಖ್ಯ ಸಾಧನವಾದದ್ದು ೧೮೪೦ರಲ್ಲಿ. ಆ ವರ್ಷ ವಿಗ್ ಪಕ್ಷದವರು ವಿಲಿಯಂ ಹೆನ್ರಿ ಹ್ಯಾರಿಸನ್ ಎಂಬ ದಳಪತಿಯನ್ನು ನಿಲ್ಲಿಸಿ, 'ಟಿಪ್ಪೆಕನೂ ಆಂಡ್ ಟೈಲರ್ ಟೂ' ಎಂಬ ಹಾಡನ್ನು ಊರೂರಲ್ಲಿ ಹಾಡಿಸಿದರು. ಅದನ್ನು ಕಟ್ಟಿದವನು ಒಹಾಯೋ ಸಂಸ್ಥಾನದ ಜ್ಯಾನ್ಸ್‌ವಿಲ್ಲಿನ ಅಲೆಗ್ಜಾಂಡರ್ ಕಾಫ್ಮನ್ ರಾಸ್. ಮಟ್ಟು ಮಾತ್ರ ಆಗಲೇ ಬಳಕೆಯಲ್ಲಿದ್ದ ಒಂದು ಲಘುಗೀತದ್ದು. ವರ್ಜೀನಿಯಾದ ಸಿರಿವಂತ ಮನೆತನದಲ್ಲಿ ಹುಟ್ಟಿದ ಹ್ಯಾರಿಸನನನ್ನು ಮರದ ದಿಮ್ಮಿಯ ಗುಡಿಸಲಿನಲ್ಲಿ ವಾಸಿಸುವ ಬಡರೈತನೆಂಬಂತೆ ವರ್ಣಿಸಲಾಯಿತು. ಮತದಾರರಲ್ಲಿ ನೂರಕ್ಕೆ ಸುಮಾರು ೮೦ ಮಂದಿ ಮತವಿತ್ತರು. ಆದರೆ ಆ ಮತದಾರರು ಯಾರು? ಬಿಳಿಯ ಪುರುಷರು. ಹೆಂಗಸರಿಗೆ ಆ ಅಧಿಕಾರವು ಇಡೀ ದೇಶದಲ್ಲಿ ದೊರೆತದ್ದು ೧೯೨೦ರಲ್ಲಿ. ಆಫ್ರಿಕಾ ಮೂಲದ ಪ್ರಜೆಗಳಿಗೆ ಕಾಗದದ ಮೇಲೆ ೧೮೭೦ರಲ್ಲಿ, ದಕ್ಷಿಣದ ಸಂಸ್ಥಾನಗಳಲ್ಲಿ ನಿಜವಾಗಿ ೧೯೬೫ರ ಮತಾಧಿಕಾರದ ಕಾನೂನಿನ ತರುವಾಯ. ಗೀತಗಳನ್ನು ಕುರಿತು ವಿಚಾರಿಸುವಾಗ ಈ ವರ್ಷಗಳನ್ನು ಮರೆಯತಕ್ಕದ್ದಲ್ಲ. ಸಭೆಯಲ್ಲಿ ಯಾರು ಕುಳಿತಿರುವರೆಂಬುದನ್ನು ಬಿಟ್ಟು ಗೀತದ ಔಚಿತ್ಯವನ್ನು ಹೇಳಲಾಗದು.

ಇದಕ್ಕೆ ೧೯೨೪ರ ಒಂದು ಪ್ರಸಂಗವು ಅತ್ಯುತ್ತಮವಾದ ಉದಾಹರಣೆ. ಆ ವರ್ಷ ಡೆಮೊಕ್ರಾಟಿಕ್ ಪಕ್ಷದ ಮಹಾಸಭೆಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಜೂನ್ ೨೪ರಿಂದ ಜುಲೈ ೯ರ ವರೆಗೆ ನಡೆಯಿತು. ಉಮೇದುವಾರನನ್ನು ಆರಿಸಲು ೧೦೩ ಸಲ ಮತವೆಣಿಸಬೇಕಾಯಿತು. ಒಂದು ಕಡೆ ನಗರವಾಸಿಗಳು, ಐರ್ಲೆಂಡ್ ಮೊದಲಾದ ದೇಶಗಳಿಂದ ಬಂದವರ ಮಕ್ಕಳು, ಕ್ಯಾಥೊಲಿಕ್ ಮತದವರು. ಇವರ ಮೆಚ್ಚಿನವನು ಆಲ್ ಸ್ಮಿತ್. ಮತ್ತೊಂದು ಕಡೆ ದಕ್ಷಿಣ ಪಶ್ಚಿಮಗಳ ಹಳ್ಳಿಗಾಡಿನವರು. ಇವರ ಮೆಚ್ಚಿನವನು ಜಾರ್ಜಿಯಾದಲ್ಲಿ ಹುಟ್ಟಿದ ಮ್ಯಾಕಡೂ. ಕೂ ಕ್ಲಕ್ಸ್ ಕ್ಲಾನ್ ಎಂಬ ಕ್ರೂರಸಂಘವನ್ನು ಹೆಸರೆತ್ತಿ ಖಂಡಿಸಬೇಕೆಂಬ ನಿರ್ಣಯವು ಸುಮಾರು ಒಂದು ಮತದ ಅಂತರದಿಂದ ಬಿದ್ದುಹೋಯಿತು. ಇಂತಹ ಸಭೆಯಲ್ಲಿ ಜಾರ್ಜಿಯಾದ ಪ್ರತಿನಿಧಿಗಳ ಗೌರವಾರ್ಥವಾಗಿ ಅವರಿಗೆ ತಕ್ಕ ಗೀತವೊಂದನ್ನು ಬಾರಿಸುವಂತೆ ವಾದ್ಯಗಾರರಿಗೆ ಅಪ್ಪಣೆಯಾಯಿತು. ಅವರು ಬಾರಿಸಿದ್ದು 'ಮಾರ್ಚಿಂಗ್ ಥ್ರೂ ಜಾರ್ಜಿಯಾ'!

ಈ ಗೀತವನ್ನು ಹೆನ್ರಿ ಕ್ಲೇ ವರ್ಕ್ ಎಂಬವನು ೧೮೬೫ರಲ್ಲಿ ರಚಿಸಿದನು. ೧೮೬೪ರ ನವಂಬರಿನಲ್ಲಿ ಸೇನಾಪತಿ ಶರ್ಮನನು ಅಟ್ಲಾಂಟಾವನ್ನು ಬಿಟ್ಟು, ದಾರಿಯುದ್ದಕ್ಕೂ ರೈಲುಹಾದಿಗಳನ್ನು ಕಿತ್ತು, ಉಗ್ರಾಣಗಳನ್ನು ಸುಟ್ಟು, ಡಿಸೆಂಬರಿನಲ್ಲಿ ಸವಾನಾ ಬಂದರನ್ನು ಹಿಡಿದ ದಂಡಯಾತ್ರೆಯೇ ಅದರ ವಸ್ತು. ಆ ಯಾತ್ರೆಯಲ್ಲಿ ಆಸ್ತಿಯನ್ನು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳೆದುರಿಗೆ ಅದನ್ನೇ ಸನ್ಮಾನಗೀತವೆಂದು ಬಾರಿಸಿದರೆ ಫಲವೇನಾಗಬೇಕೋ ಅದೇ ಆಯಿತು. ಪ್ರತಿನಿಧಿಗಳು ಕೂಗಿ ಪ್ರತಿಭಟಿಸಿದರು. ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಎಣಿಸಿರುವ ಔಚಿತ್ಯಭೇದಗಳಲ್ಲಿ ನಾಮೌಚಿತ್ಯವೆಂಬುದು ಒಂದು, ದೇಶೌಚಿತ್ಯ ಕುಲೌಚಿತ್ಯಗಳು ಬೇರೆ. ಆ ವಾದ್ಯಗಾರರು ನಾಮವೊಂದನ್ನೇ ನೋಡಿದರು: ಜಾರ್ಜಿಯಾದವರಿಗೆ ಜಾರ್ಜಿಯಾ ಎಂಬ ಹೆಸರುಳ್ಳ ಹಾಡು. ದೇಶವನ್ನೂ ಕುಲವನ್ನೂ ನೋಡಲಿಲ್ಲ. ಆದಕಾರಣ ಪ್ರಾವೇಶಿಕಿಯಾಗಬೇಕಾಗಿದ್ದುದು ಆಕ್ಷೇಪಿಕಿಯಾಗಿ ಪರಿಣಮಿಸಿತು.

ಇಷ್ಟಕ್ಕೆ ನಿಲ್ಲಿಸಿದರೆ ಇದೊಂದು ವಿನೋದದ ಕಥೆ. ಆ ದೇಶದವರೂ ಇದನ್ನು ಹಾಗೆಯೇ ಹೇಳಿಕೊಳ್ಳುವರು. ಆದರೆ ವಿಚಾರವು ಇಲ್ಲಿಗೆ ಮುಗಿಯುವುದಿಲ್ಲ. ಶರ್ಮನನ ಸೇನೆಯು ನಡೆದುಹೋದಾಗ ಜಾರ್ಜಿಯಾದ ಜನರೆಲ್ಲರೂ ಅತ್ತರೇ? ಅಲ್ಲಿ ದಾಸ್ಯದಲ್ಲಿದ್ದ ಸಹಸ್ರಾರು ಮಂದಿ ಆ ಸೇನೆಯನ್ನು ಹಿಂಬಾಲಿಸಿ ಹೋದರು. ಆ ಗೀತದಲ್ಲಿಯೇ ಅವರ ಹರ್ಷದ ಪ್ರಸ್ತಾಪವಿದೆ. ೧೯೨೪ರಲ್ಲಿ ಜಾರ್ಜಿಯಾದ ಜನಸಂಖ್ಯೆಯಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಮಂದಿ ಅವರ ಸಂತತಿಯವರು. ಆದರೆ ಪಕ್ಷದ ಆಂತರಿಕ ಚುನಾವಣೆಯು ಬಿಳಿಯರಿಗೆ ಮಾತ್ರ ಮೀಸಲಾಗಿದ್ದುದರಿಂದ ಆ ಸಭೆಯಲ್ಲಿ ಅವರ ಪರವಾಗಿ ಕುಳಿತವರು ಒಬ್ಬರೂ ಇರಲಿಲ್ಲ. ಅಂದಮೇಲೆ ಆ ಗೀತವು ಜಾರ್ಜಿಯಾಕ್ಕೆ ಅನುಚಿತವೆಂದು ಹೇಳುವುದು ಪೂರ್ಣಸತ್ಯವಲ್ಲ. ಒಳಗೆ ಕುಳಿತಿದ್ದ ಜಾರ್ಜಿಯಾಕ್ಕೆ ಅದು ಅನುಚಿತ. ಹೊರಗಿದ್ದ ಜಾರ್ಜಿಯಾಕ್ಕೆ ಅದು ಹೇಗೆ ಕೇಳಿಸುತ್ತಿದ್ದಿತು ಎಂದು ವಾದ್ಯಗಾರರನ್ನು ಹಾಸ್ಯಮಾಡಿದವರಾರೂ ವಿಚಾರಿಸಲಿಲ್ಲ.

ರಸಾಸ್ವಾದಕ್ಕೆ ಸಾಮಾಜಿಕನಲ್ಲಿ ತತ್ಪೂರ್ವವಾದ ವಾಸನೆಯಿರಬೇಕೆಂದು ಅಭಿನವಗುಪ್ತಪಾದರು ನಿರ್ಣಯಿಸಿದ್ದಾರೆ. ವಾಸನೆಯಿಲ್ಲದವನು ರಂಗದೊಳಗಿನ ಮರದ ಕಂಬಕ್ಕೆ ಸಮಾನ. ಭರತಮುನಿಯೂ ೨೭ನೆಯ ಅಧ್ಯಾಯದಲ್ಲಿ ಸಾಮಾಜಿಕರು ಏಕಪ್ರಕಾರರಲ್ಲವೆಂದು ಒಪ್ಪಿಕೊಂಡಿರುವನು: ತರುಣರಿಗೆ ಒಂದು ಪ್ರಿಯ, ವೃದ್ಧರಿಗೆ ಒಂದು, ಶೂರರಿಗೆ ಮತ್ತೊಂದು. ಆದರೆ ಮುನಿಯ ಮನಸ್ಸಿನಲ್ಲಿದ್ದ ಭೇದವು ವಯಸ್ಸಿನದು, ಶೀಲದ್ದು. ಒಂದೇ ಗೀತವು ಒಬ್ಬನಿಗೆ ಅಜ್ಜನ ಮನೆ ಸುಟ್ಟ ನೆನಪನ್ನೂ, ಪಕ್ಕದವನಿಗೆ ಅಜ್ಜಿಯ ಸಂಕೋಲೆ ಕಳಚಿದ ನೆನಪನ್ನೂ ತರುವಂತಹ ಸಭೆಯನ್ನು ಶಾಸ್ತ್ರಕಾರರು ಪ್ರತ್ಯೇಕವಾಗಿ ಎತ್ತಿಕೊಂಡಿಲ್ಲ. ಸಾಧಾರಣೀಕರಣವೆಂಬ ವ್ಯಾಪಾರಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇಲ್ಲ.

ಈ ಕಷ್ಟದಿಂದ ಪಾರಾಗಲು ಒಂದು ಸುಲಭೋಪಾಯವಿದೆ: ಯಾರ ನೆನಪನ್ನೂ ಮುಟ್ಟದ ಗೀತವನ್ನು ಆರಿಸುವುದು. ೧೯೩೨ರಲ್ಲಿ ಷಿಕಾಗೋ ಸಭೆಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರಿಗಾಗಿ ಮೊದಲು ನೌಕಾಪಡೆಯ ಗೀತವನ್ನು ಬಾರಿಸಲಾಗಿ, ಅದು ಶವಯಾತ್ರೆಯಂತೆ ಕೇಳಿಸುವುದೆಂದು ಅವರ ಆಪ್ತರಿಗೆ ತೋರಿ, 'ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್' ಎಂಬುದನ್ನು ಹಿಡಿದರು. ಮಿಲ್ಟನ್ ಏಗರ್ ಮತ್ತು ಜ್ಯಾಕ್ ಯೆಲೆನ್ ಎಂಬವರು ೧೯೨೯ರಲ್ಲಿ ಚಲಚ್ಚಿತ್ರವೊಂದಕ್ಕಾಗಿ ಬರೆದ ಹಾಡು ಅದು. ಸುದಿನಗಳು ಬಂದಿವೆಯೆಂಬುದೇ ಅದರ ಅರ್ಥ. ಕೋಟ್ಯಂತರ ಜನರು ಉದ್ಯೋಗವಿಲ್ಲದೆ ಇದ್ದ ವರ್ಷದಲ್ಲಿ ಅದು ಶುದ್ಧ ಅಸತ್ಯ. ಆದರೂ ಕಾರ್ಯವು ಸಿದ್ಧಿಸಿತು, ಏಕೆಂದರೆ ಅದು ಯಾರ ಪಿತೃಪಿತಾಮಹರನ್ನೂ ಕುರಿತದ್ದಲ್ಲ. ಹಸಿವು ಎಲ್ಲರಿಗೂ ಸಮಾನವಾದ ವಾಸನೆ. ಆ ಒಂದು ವರ್ಷಕ್ಕೆ ಅದು ಉತ್ತಮವಾದ ಪ್ರಾವೇಶಿಕೀಧ್ರುವೆಯೆಂದೇ ನನ್ನ ಅಭಿಪ್ರಾಯ. ಅನಂತರ ದಶಕಗಳ ಕಾಲ ಅದನ್ನೇ ಬಾರಿಸಿದ್ದು ಅಭ್ಯಾಸಬಲ.

ಈಗ ಒಂದು ಪೂರ್ವಪಕ್ಷವನ್ನು ಪರಿಶೀಲಿಸಬೇಕಾಗಿದೆ. ರಾಜಕಾರಣಿಗಳು ಗೀತಗಳ ಅರ್ಥವನ್ನು ತಿಳಿಯದೆ ಆರಿಸುವರು, ಅವರು ಮೂಢರು, ಎಂದು ಅನೇಕ ವಿಮರ್ಶಕರು ನಗುತ್ತಾರೆ. ಅವರ ಮುಖ್ಯ ದೃಷ್ಟಾಂತವು ಬ್ರೂಸ್ ಸ್ಪ್ರಿಂಗ್‌ಸ್ಟೀನನ 'ಬಾರ್ನ್ ಇನ್ ದಿ ಯು.ಎಸ್.ಎ.' ೧೯೮೪ರಲ್ಲಿ ಹೊರಬಂದ ಆ ಹಾಡಿನ ಚರಣಗಳಲ್ಲಿ ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿ ಕೆಲಸ ಸಿಕ್ಕದೆ ಅಲೆಯುವ ಒಬ್ಬನ ದುರವಸ್ಥೆಯು ಹೇಳಲ್ಪಟ್ಟಿದೆ. ರೇಗನರು ಅದನ್ನೇ ತಮ್ಮ ಚುನಾವಣೆಯ ಗೀತವನ್ನಾಗಿ ಮಾಡಿಕೊಂಡರೆಂದು ಅನೇಕರು ಬರೆಯುವರು. ಇದು ತಪ್ಪು. ಅವರು ೧೯೮೪ರ ಸೆಪ್ಟೆಂಬರ್ ೧೯ರಂದು ನ್ಯೂಜರ್ಸಿಯ ಹ್ಯಾಮಂಟನ್ ಊರಿನ ಭಾಷಣದಲ್ಲಿ ಗಾಯಕನ ಹೆಸರನ್ನು ಎತ್ತಿ, ಆತನ ಹಾಡುಗಳಲ್ಲಿ ಆಶೆಯ ಸಂದೇಶವಿದೆಯೆಂದು ಹೊಗಳಿದರು; ಅಷ್ಟೆ. ಇರಲಿ, ಜನರು ಆ ಹಾಡನ್ನು ಹೆಮ್ಮೆಯ ಹಾಡೆಂದು ಕೇಳಿದ್ದು ನಿಜ, ಇಂದಿಗೂ ಕೇಳುತ್ತಿರುವುದೂ ನಿಜ.

ಇದು ಮೌಢ್ಯವೇ? ನಾನು ಹಾಗೆಂದು ಒಪ್ಪಲಾರೆನು. ಆ ಹಾಡನ್ನು ಮೂರು ನಾಲ್ಕು ಸಲ ಕೇಳಿ ನೋಡಿದೆನು. ಪಲ್ಲವಿಯ ಮಾತು ಒಂದೇ, ಸ್ವರವೂ ಒಂದೇ, ಭೇರಿಯ ಹೊಡೆತದಂತಹ ತಾಳವೂ ಒಂದೇ. ಮೊದಲ ಸಲ ಅದು ಹೆಮ್ಮೆಯಂತೆ ಕೇಳಿಸುವುದು. ಒಂದೊಂದು ಚರಣವು ಕಳೆದಂತೆಲ್ಲ ಅದೇ ಮಾತು ಪ್ರಶ್ನೆಯಾಗಿ, ಮೊರೆಯಾಗಿ, ಕಡೆಗೆ ಆರೋಪವಾಗಿ ಕೇಳಿಸುವುದು. ನಮ್ಮವರು ಕಾಕು ಎಂದು ಕರೆಯುವುದು ಇದನ್ನೇ: ಪದವು ಬದಲಾಗದೆ ಅರ್ಥವು ವಿಪರ್ಯಾಸವಾಗುವುದು. ಇಲ್ಲಿ ಕಾಕುವನ್ನು ಹುಟ್ಟಿಸತಕ್ಕದ್ದು ಚರಣ. ಸಭಾಮಂಟಪದಲ್ಲಿಯಾದರೋ ಚರಣವನ್ನು ಕೇಳುವ ವ್ಯವಧಾನವಿಲ್ಲ. ಅಲ್ಲಿ ಕಾಲು ನಿಮಿಷದ ಕೆಲಸ. ಪಲ್ಲವಿಯನ್ನು ಚರಣದಿಂದ ಕಿತ್ತು ತಂದು ಬಾರಿಸುತ್ತಾರೆ. ಹಾಗೆ ಕಿತ್ತ ಪಲ್ಲವಿಯಲ್ಲಿ ಕಾಕುವಿಲ್ಲ, ಉಳಿದದ್ದು ಹೆಮ್ಮೆಯೊಂದೇ. ದೋಷವು ಕೇಳಿದವನದಲ್ಲ, ಕಿತ್ತವನದು. ಇದು ಒಂದು ಪಕ್ಷಕ್ಕೆ ಸೀಮಿತವಾದ ದೋಷವೂ ಅಲ್ಲ. ಹಿಂದೆ ಹೇಳಿದ ೨೦೨೪ರ ಷಿಕಾಗೋ ಸಭೆಯಲ್ಲಿ ನ್ಯೂಜರ್ಸಿಯ ಸರದಿ ಬಂದಾಗ ಮೊಳಗಿದ್ದು ಇದೇ ಪಲ್ಲವಿ. ನಲವತ್ತು ವರ್ಷ ಎದುರುಪಕ್ಷದವರನ್ನು ನಕ್ಕವರೇ ಅದನ್ನು ಬಾರಿಸಿದರು, ಚರಣವನ್ನು ಬಿಟ್ಟು! ೨೦೧೬ರಲ್ಲಿ ಕ್ಲೀವ್‌ಲ್ಯಾಂಡ್ ಸಭೆಯಲ್ಲಿ ಟ್ರಂಪರ ಭಾಷಣವು ಮುಗಿದೊಡನೆ, ಬೇಕೆಂದದ್ದೆಲ್ಲ ಯಾವಾಗಲೂ ಸಿಕ್ಕದು ಎಂಬರ್ಥದ ಶಿರೋನಾಮೆಯುಳ್ಳ ರೋಲಿಂಗ್ ಸ್ಟೋನ್ಸ್ ಮೇಳದ ಹಾಡು ನೈಷ್ಕ್ರಾಮಿಕಿಯಾಗಿ ಬಂದುದನ್ನೂ ಈ ವರ್ಗಕ್ಕೇ ಸೇರಿಸಬಹುದು. ಅಲ್ಲಿ ಪಲ್ಲವಿಯ ಮಾತನ್ನೂ ಯಾರೂ ಕೇಳುತ್ತಿರಲಿಲ್ಲವೆಂದು ತೋರುತ್ತದೆ.

ಅರ್ಥದ ಪ್ರಶ್ನೆಗಿಂತ ಗುರುತರವಾದ ಪ್ರಶ್ನೆಯು ಬೇರೆ ಇದೆ. ಹಾಡು ಯಾರದು, ಮತ್ತು ಆ ಜನರು ಎಲ್ಲಿ ಕುಳಿತಿರುವರು? ೧೯೪೮ರಲ್ಲಿ ಟ್ರೂಮನರ ಚುನಾವಣೆಗೆ ಬಳಸಿದ ಹಾಡು 'ಐಯಾಮ್ ಜಸ್ಟ್ ವೈಲ್ಡ್ ಅಬೌಟ್ ಹ್ಯಾರಿ'. ಅದು ನೋಬಲ್ ಸಿಸಲ್ ಮತ್ತು ಯೂಬಿ ಬ್ಲೇಕ್ ಎಂಬ ಆಫ್ರಿಕಾ ಮೂಲದ ಕಲಾವಿದರು ೧೯೨೧ರ 'ಷಫಲ್ ಅಲಾಂಗ್' ನಾಟಕಕ್ಕಾಗಿ ರಚಿಸಿದ್ದು. ಮೂಲದಲ್ಲಿ ಅದು ಶೃಂಗಾರಗೀತ. ನಾಯಕನ ಹೆಸರು ಹ್ಯಾರಿ. ಅಧ್ಯಕ್ಷರ ಹೆಸರೂ ಹ್ಯಾರಿಯಾದುದರಿಂದ ಶ್ಲೇಷಬಲದಿಂದ ಅದು ರಾಜಸ್ತುತಿಯಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಫಿಲಡೆಲ್ಫಿಯಾ ಸಭೆಯು ಸಮಾನಹಕ್ಕುಗಳ ನಿರ್ಣಯವನ್ನು ಅಂಗೀಕರಿಸಲಾಗಿ, ಮಿಸಿಸಿಪ್ಪಿಯ ಪ್ರತಿನಿಧಿಗಳು ಯಾವತ್ತೂ, ಅಲಬಾಮಾದವರಲ್ಲಿ ಅರ್ಧದಷ್ಟು ಮಂದಿಯೂ ಎದ್ದು ಹೊರನಡೆದರು. ಕೆಲವು ದಿನಗಳೊಳಗೆ ಟ್ರೂಮನರು ಸೈನ್ಯದಲ್ಲಿ ವರ್ಣಭೇದವನ್ನು ನಿವಾರಿಸುವ ಆಜ್ಞೆಯನ್ನು ಹೊರಡಿಸಿದರು. ಇಲ್ಲಿ ಗೀತವೂ ಕ್ರಿಯೆಯೂ ಒಂದಕ್ಕೊಂದು ಎದುರಾಗಿ ನಿಂತಿಲ್ಲ. ಆರಿಸಿದವರು ಹೆಸರಿನ ಚಮತ್ಕಾರವನ್ನು ಮಾತ್ರ ಉದ್ದೇಶಿಸಿದ್ದರೆಂದೇ ಇಟ್ಟುಕೊಂಡರೂ, ಫಲದಲ್ಲಿ ಇದು ಉಚಿತವಾಯಿತು.

೧೯೬೪ರ ಅಟ್ಲಾಂಟಿಕ್ ಸಿಟಿಯ ಸಭೆಯು ಇದಕ್ಕೆ ವಿಪರೀತ. ಮಿಸಿಸಿಪ್ಪಿಯಿಂದ ಬಂದ ಪ್ರತಿನಿಧಿಗಳು ಕೇವಲ ಬಿಳಿಯರು. ಮತದಾನದಿಂದ ಹೊರಗಿಡಲ್ಪಟ್ಟವರು ತಾವೇ ಒಂದು ಪಕ್ಷವನ್ನು ಕಟ್ಟಿ, ಅರುವತ್ತಕ್ಕೂ ಮಿಕ್ಕ ಪ್ರತಿನಿಧಿಗಳನ್ನು ಆರಿಸಿ, ಆ ಆಸನಗಳು ನ್ಯಾಯವಾಗಿ ನಮಗೆ ಸಲ್ಲತಕ್ಕವೆಂದು ಬಂದು ಕೇಳಿದರು. ಅವರ ಪರವಾಗಿ ಆಗಸ್ಟ್ ೨೨ರಂದು ಸಾಕ್ಷ್ಯವನ್ನು ನುಡಿದವರಲ್ಲಿ ಫ್ಯಾನಿ ಲೂ ಹೇಮರ್ ಎಂಬಾಕೆ ಮುಖ್ಯಳು. ಈಕೆ ಹತ್ತಿಯ ತೋಟದ ಕೂಲಿ. ೧೯೬೨ರಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಲು ಹೋದ ಅಪರಾಧಕ್ಕಾಗಿ, ಹದಿನೆಂಟು ವರ್ಷ ದುಡಿದ ತೋಟದಿಂದ ಹೊರಹಾಕಲ್ಪಟ್ಟವಳು. ಮರುವರ್ಷ ವಿನೋನಾ ಊರಿನ ಸೆರೆಮನೆಯಲ್ಲಿ ಹೊಡೆಸಿಕೊಂಡವಳು. ಆಕೆಯು ಇದನ್ನೆಲ್ಲ ಹೇಳುತ್ತಿರುವಾಗ ಅಧ್ಯಕ್ಷ ಜಾನ್ಸನರು ಇದ್ದಕ್ಕಿದ್ದಂತೆ ಪತ್ರಕರ್ತರ ಗೋಷ್ಠಿಯನ್ನು ಕರೆದದ್ದರಿಂದ ದೂರದರ್ಶನವು ಅತ್ತ ತಿರುಗಿತು. ಆ ಸಾಕ್ಷ್ಯವನ್ನು ದೇಶವು ನೋಡಿದ್ದು ರಾತ್ರಿಯ ವಾರ್ತೆಗಳಲ್ಲಿ. ಕೊನೆಗೆ ಅವರಿಗೆ ನೀಡಿದ್ದು ಎರಡು ಆಸನಗಳು. ಅವರು ಬೇಡವೆಂದರು.

ಇದೇ ಸಭೆಯ ವೇದಿಕೆಯಲ್ಲಿ ಕ್ಯಾರಲ್ ಚಾನಿಂಗ್ ಎಂಬ ನಟಿಯು 'ಹೆಲೋ, ಡಾಲಿ' ಎಂಬ ಪ್ರಸಿದ್ಧ ನಾಟಕಗೀತವನ್ನು 'ಹೆಲೋ, ಲಿಂಡನ್' ಎಂದು ಮಾರ್ಪಡಿಸಿ ಹಾಡಿದಳು. ಆ ವರ್ಷ ಮೇ ತಿಂಗಳಲ್ಲಿ ಆ ಹಾಡನ್ನು ದೇಶದ ಮೊದಲನೆಯ ಸ್ಥಾನಕ್ಕೇರಿಸಿದ್ದ ಕಂಠವು ಆಫ್ರಿಕಾ ಮೂಲದವರೇ ಆದ ಲೂಯಿ ಆರ್ಮ್‌ಸ್ಟ್ರಾಂಗರದು. ಹೊರಗೆ ಸಮುದ್ರದ ದಂಡೆಯ ಹಲಗೆಯ ಹಾದಿಯ ಮೇಲೆ ಹೇಮರಳೂ ಅವಳ ಸಂಗಡಿಗರೂ ಕುಳಿತು ಹಾಡುತ್ತಿದ್ದರು. ಅವರ ಹಾಡುಗಳು ಚರ್ಚುಗಳಲ್ಲಿ ಬೆಳೆದು ಸ್ವಾತಂತ್ರ್ಯದ ಹೋರಾಟದಲ್ಲಿ ಹೊಸ ಮಾತನ್ನು ಪಡೆದವು. ಈ ಎರಡು ಗಾನಗಳನ್ನು ಹೋಲಿಸಿದರೆ ಧ್ರುವೆಯ ಲಕ್ಷಣವು ಎಷ್ಟು ಸೂಕ್ಷ್ಮವೆಂಬುದು ಗೊತ್ತಾಗುವುದು. ಒಳಗಿನದು ಪ್ರವೇಶಿಸಿದವನಿಗೆ ಇತರರು ಹಾಡಿದ್ದು, ಅದು ಧ್ರುವೆ. ಹೊರಗಿನದು ಪ್ರವೇಶವೇ ಇಲ್ಲದವರು ತಮಗಾಗಿ ತಾವೇ ಹಾಡಿಕೊಂಡದ್ದು. ಭರತನ ಐದು ವಿಧಗಳಲ್ಲಿ ಇದಕ್ಕೆ ಹೆಸರಿಲ್ಲ. ಕಲೆಯ ದೃಷ್ಟಿಯಿಂದ 'ಹೆಲೋ, ಲಿಂಡನ್' ನಿರ್ದುಷ್ಟವಾದ ಉಲ್ಲಾಸಗೀತ. ಅದರ ದೋಷವು ಅದರೊಳಗೆ ಇಲ್ಲ. ಬಾಗಿಲಿನ ಹೊರಗಿದ್ದವರನ್ನು ಸೇರಿಸಿ ನೋಡಿದಾಗ ಮಾತ್ರ ಅದು ರಸಾಭಾಸವಾಗುವುದು. ೧೯೬೮ರ ಸಭೆಯಲ್ಲಿ ಹೇಮರಳು ಪ್ರತಿನಿಧಿಯಾಗಿ ಒಳಬಂದಾಗ ಸಭಿಕರು ಎದ್ದು ನಿಂತು ಕೈತಟ್ಟಿದರು.

ರಿಪಬ್ಲಿಕನ್ ಪಕ್ಷದವರ ವಿಷಯದಲ್ಲಿ ಈ ಪ್ರಶ್ನೆಯು ಇನ್ನೊಂದು ರೀತಿಯಲ್ಲಿ ತೋರುವುದು. ೨೦೦೦ದ ಫಿಲಡೆಲ್ಫಿಯಾ ಸಭೆಯ ವೇದಿಕೆಗೆ ಅವರು ನಾನಾ ವರ್ಣದ ಗಾಯಕರನ್ನು ಕರೆತಂದರು. ಮೆಕ್ಸಿಕೋ ದೇಶದ ವಿಸೆಂಟೆ ಫರ್ನಾಂಡೆಜ್ ಸಹ ಅಲ್ಲಿ ಹಾಡಿದನು. ಕೆಳಗೆ ಕುಳಿತ ಪ್ರತಿನಿಧಿಗಳಲ್ಲಿ ಆಫ್ರಿಕಾ ಮೂಲದವರು ನೂರಕ್ಕೆ ಸುಮಾರು ನಾಲ್ವರು. ೨೦೦೮ರ ಸೇಂಟ್ ಪಾಲ್ ಸಭೆಯಲ್ಲಿ ೨,೩೮೦ ಮಂದಿಯಲ್ಲಿ ೩೬. ವೇದಿಕೆಯು ತುಂಬಿ ಆಸನಗಳು ಬರಿದಾಗಿದ್ದರೆ, ಆ ಗಾನವು ಅತಿಥಿಯದೋ ಮನೆಯವನದೋ ಎಂದು ಕೇಳುವವನು ಸಂಶಯಿಸುವುದು ಸಹಜ. ಅದೇ ೨೦೦೮ರಲ್ಲಿ ಡೆನ್ವರಿನಲ್ಲಿ ಒಬಾಮರ ಭಾಷಣವು ಮುಗಿದಾಗ ಬಾರಿಸಿದ 'ಓನ್ಲಿ ಇನ್ ಅಮೆರಿಕಾ' ಎಂಬ ಹಳ್ಳಿಗಾಡಿನ ಶೈಲಿಯ ಹಾಡನ್ನು ನಾಲ್ಕು ವರ್ಷಗಳ ಹಿಂದೆ ಬುಷ್‌ರವರ ಪಕ್ಷವು ಬಳಸಿದ್ದಿತು. ಇದನ್ನು ಕೆಲವರು ಚೌರ್ಯವೆಂದರು. ನನಗೆ ಹಾಗೆ ತೋರುವುದಿಲ್ಲ. ಆ ದೇಶದಲ್ಲಿ ಎಂಥವನೂ ಮೇಲಕ್ಕೆ ಬರಬಲ್ಲನೆಂಬ ಆ ಹಾಡಿನ ವಾಚ್ಯವು ಅಧ್ಯಕ್ಷರ ಮಗನಿಗೆ ಅಲಂಕಾರ ಮಾತ್ರ. ಕೀನ್ಯಾ ದೇಶದವನ ಮಗನಿಗೆ ವಸ್ತುಕಥನ.

ಗೀತಕಾರರ ಅನುಮತಿಯ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುವೆನು. ಆಸ್ಕ್ಯಾಪ್, ಬಿ.ಎಂ.ಐ. ಎಂಬ ಸಂಘಗಳು ರಚನಕಾರರ ಪರವಾಗಿ ಶುಲ್ಕವನ್ನು ಪಡೆದು ರಾಜಕೀಯ ಪಕ್ಷಗಳಿಗೆ ಒಟ್ಟು ಪರವಾನಗಿಯನ್ನು ಕೊಡುತ್ತವೆ; ರಚನಕಾರನು ಆಕ್ಷೇಪಿಸಿದರೆ ಆತನ ಹಾಡನ್ನು ಅದರಿಂದ ತೆಗೆಯಲು ಅವಕಾಶವುಂಟು. ಮೆಕೇನರ ಮೇಲೆ ಜ್ಯಾಕ್ಸನ್ ಬ್ರೌನ್ ಎಂಬ ಗಾಯಕನು ಹೂಡಿದ ವ್ಯಾಜ್ಯವು ೨೦೦೯ರಲ್ಲಿ ರಾಜಿಯಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ, ಗತಿಸಿದ ಐಸಾಕ್ ಹೇಯ್ಸರ ವಾರಸುದಾರರ ಕೋರಿಕೆಯ ಮೇಲೆ ನ್ಯಾಯಾಲಯವು ಒಂದು ಹಾಡನ್ನು ಬಳಸದಂತೆ ಟ್ರಂಪರ ಕಡೆಯವರಿಗೆ ತಡೆಯಾಜ್ಞೆಯನ್ನಿತ್ತಿತು. ಇವು ಸ್ವತ್ತಿನ ವಿವಾದಗಳು. ಅನುಮತಿಯಿದ್ದ ಮಾತ್ರಕ್ಕೆ ಔಚಿತ್ಯವು ಸಿದ್ಧಿಸುವುದಿಲ್ಲ, ಇಲ್ಲದ ಮಾತ್ರಕ್ಕೆ ಕೆಡುವುದೂ ಇಲ್ಲ. ೧೯೭೮ರ 'ವೈ.ಎಂ.ಸಿ.ಎ.' ಎಂಬ ಹಾಡು ನಗರದ ಸಲಿಂಗಾನುರಾಗಿಗಳ ನರ್ತನಶಾಲೆಗಳಲ್ಲಿ ಬೆಳೆದದ್ದು. ಟ್ರಂಪರ ಸಭೆಗಳಲ್ಲಿ ಅದು ನೈಷ್ಕ್ರಾಮಿಕಿಯಾಗಿದೆ. ಅದರ ರಚನಕಾರರಲ್ಲೊಬ್ಬನಾದ ವಿಕ್ಟರ್ ವಿಲಿಸ್ ೨೦೨೦ರಲ್ಲಿ ಬೇಡವೆಂದು, ತರುವಾಯ ಸಮ್ಮತಿಸಿ, ೨೦೨೫ರ ಜನವರಿಯಲ್ಲಿ ತಾನೇ ಬಂದು ಹಾಡಿದನು. ಅಲ್ಲಿ ಕುಣಿಯುವವರು ಮೂಲದ ವಾಸನೆಯನ್ನು ಅರಿತು ಕುಣಿಯುವರೋ ಮರೆತು ಕುಣಿಯುವರೋ ಎಂಬುದು ಪರವಾನಗಿಯ ಕಾಗದದಿಂದ ತಿಳಿಯತಕ್ಕದ್ದಲ್ಲ.

ಇನ್ನು ಷಿಕಾಗೋ ಸಭೆಯ ಆ ಗೀತಮಾಲೆ. ಉಮೇದುವಾರಳನ್ನು ಆರಿಸುವ ಮತಗಣನೆಯು ಆ ತಿಂಗಳ ಆದಿಯಲ್ಲಿಯೇ, ದೂರದಿಂದಲೇ ನಡೆದು ಮುಗಿದುಹೋಗಿದ್ದಿತು. ಆಗಸ್ಟ್ ೨೦ರಂದು ನಡೆದ ಹಾಜರಿಯು ಹಾಗಾದರೆ ಶುದ್ಧನಾಟ್ಯ. ಅದಕ್ಕೆ ಸೂತ್ರಧಾರನು ಡಿ.ಜೆ. ಕ್ಯಾಸಿಡಿ. ಹಿಂದಿನವರು ಎಲ್ಲರಿಗೂ ಹೊಂದುವ ಒಂದು ಹಾಡನ್ನು ಅರಸಿದರೆ ಇವರು ಒಬ್ಬೊಬ್ಬರಿಗೂ ಒಂದೊಂದನ್ನು ಕೊಟ್ಟರು. ಇದು ರಾಗಮಾಲಿಕೆಯ ಉಪಾಯ. ರಾಗಮಾಲಿಕೆಯಲ್ಲಿ ರಾಗಗಳು ಬೇರೆಬೇರೆಯಾದರೂ ಒಂದೇ ಸಾಹಿತ್ಯದ ಎಳೆಯು ಅವನ್ನು ಕೋಯುವುದು. ಇಲ್ಲಿಯ ಎಳೆಯು ಭೂಪಟ ಮಾತ್ರ. ಮಿನಸೋಟಾಕ್ಕೆ ಅಲ್ಲಿಯೇ ಹುಟ್ಟಿ ಬಾಳಿದ ಪ್ರಿನ್ಸನ ಹಾಡುಗಳು ಬಂದದ್ದು ಉಚಿತ. ಅಲಬಾಮಾಕ್ಕೆ 'ಸ್ವೀಟ್ ಹೋಮ್ ಅಲಬಾಮಾ' ಬಂದದ್ದು ೧೯೨೪ರ ವಾದ್ಯಗಾರರ ದಾರಿಯಲ್ಲಿಯೇ, ಕೇವಲ ಹೆಸರಿನ ಹೊಂದಿಕೆಯಿಂದ. ಅದನ್ನು ಕಟ್ಟಿದ ಮೇಳದವರು ಫ್ಲಾರಿಡಾದವರು. ವರ್ಣಭೇದದ ಕಟ್ಟಾಳಾಗಿದ್ದ ಆ ಸಂಸ್ಥಾನದ ಗವರ್ನರನ ಪ್ರಸ್ತಾಪವು ಆ ಹಾಡಿನೊಳಗೆ ಇದ್ದು, ಅದು ಹೊಗಳಿಕೆಯೋ ತೆಗಳಿಕೆಯೋ ಎಂಬ ವಿವಾದವು ಇಂದಿಗೂ ತೀರಿಲ್ಲ. ಅಲಬಾಮಾದ ಪ್ರತಿನಿಧಿಗಳು ಕೂಗಿ ಪ್ರತಿಭಟಿಸಲಿಲ್ಲ. ಅವರು ನಕ್ಕು ಕುಣಿದರು. ಕಾಲವು ನೋವನ್ನು ಕಳೆದಿದೆಯೋ ಅಥವಾ ಚರಣವನ್ನು ಯಾರೂ ಕೇಳುತ್ತಿಲ್ಲವೋ, ನಾನು ದೂರದಿಂದ ಹೇಳಲಾರೆನು.

ಜಾರ್ಜಿಯಾದ ಸರದಿಯು ಬಂದಾಗ ಅಟ್ಲಾಂಟಾ ನಗರದವನೇ ಆದ ಲಿಲ್ ಜಾನ್ ಎಂಬ ಗಾಯಕನು ಬೆಳ್ಳಗಿನ ಉಡುಪನ್ನು ತೊಟ್ಟು, ಆಸನಗಳ ನಡುವಣ ಹಾದಿಯಲ್ಲಿ, ತನ್ನ ಹಾಡನ್ನು ತಾನೇ ಕೂಗಿಕೊಂಡು ಬಂದನು. ಸಭೆಯು ಎದ್ದಿತು. ಇದು ಧ್ರುವೆಯಲ್ಲ; ಪಾತ್ರವೇ ತನ್ನ ಪ್ರಾವೇಶಿಕಿಯನ್ನು ಹಾಡಿದ ಪ್ರಸಂಗ. ೧೯೨೪ರಲ್ಲಿ ಹೊರಗಿದ್ದ ಜಾರ್ಜಿಯಾ ೨೦೨೪ರಲ್ಲಿ ಬಾಗಿಲಿನಿಂದ ಒಳಗೆ ಬಂದಿತು. ಆ ಹಾಡಿನ ಮಾತಿನಲ್ಲಿ ನನಗೆ ಯಾವ ಗುಣವೂ ಕಾಣಲಿಲ್ಲ, ಸ್ವರದಲ್ಲಿಯೂ ಅಷ್ಟೆ. ಹಾಗಿದ್ದೂ ಆ ಇಡೀ ಮಾಲೆಯಲ್ಲಿ ಪರಮೋಚಿತವಾದ ಗಾನವು ಅದೇ ಎಂದು ಹೇಳಬೇಕಾಗಿದೆ. ನನ್ನ ತಮ್ಮನ ಮಗನು, "ದೊಡ್ಡಪ್ಪಾ, ಇದು ಬಂದಾಗ ನಾನು ಮನೆಯಲ್ಲಿ ಒಬ್ಬನೇ ಇದ್ದವನು ಎದ್ದು ನಿಂತುಬಿಟ್ಟೆ" ಎಂದನು. ಮಾತಿನ ಅರ್ಥವೇನೆಂದು ಕೇಳಿದೆನು. "ಅರ್ಥ ಯಾರಿಗೆ ಬೇಕು, ನಮ್ಮೂರಿನದು" ಎಂದನು. ಹಾಸನ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಹದಿನಾರು ವರ್ಷಗಳಲ್ಲಿ ಈ ವಾಸನೆಯು ಅಂಟಿತೆಂದರೆ, ವಾಸನೆಯು ಅನಾದಿಯೆಂಬ ಮತಕ್ಕೆ ಏನಾದರೂ ಪರಿಷ್ಕಾರವನ್ನು ಹೇಳಬೇಕಾದೀತು. ನವಂಬರಿನಲ್ಲಿ ಜಾರ್ಜಿಯಾ ಸಂಸ್ಥಾನವು ಟ್ರಂಪರಿಗೆ ಮತವಿತ್ತಿತು. ಗೀತದ ಔಚಿತ್ಯಕ್ಕೂ ಮತಗಳಿಗೂ ಕಾರ್ಯಕಾರಣಭಾವವನ್ನು ಕಲ್ಪಿಸುವವರು ಇದನ್ನು ನೆನೆಯಬೇಕು.

ಅದೇ ಸಭೆಯಲ್ಲಿ ಗಾಜಾದ ಯುದ್ಧವನ್ನು ವಿರೋಧಿಸಿ ಆರಿಸಿಬಂದಿದ್ದ ಸುಮಾರು ೩೦ ಮಂದಿ ಪ್ರತಿನಿಧಿಗಳು, ಪ್ಯಾಲಸ್ತೀನ್ ಮೂಲದವರೊಬ್ಬರಿಗೆ ವೇದಿಕೆಯಿಂದ ಕೆಲವು ನಿಮಿಷ ಮಾತನಾಡಲು ಅವಕಾಶವನ್ನು ಬೇಡಿದರು. ಅವರು ಸೂಚಿಸಿದವರಲ್ಲಿ ಜಾರ್ಜಿಯಾದ ಶಾಸನಸಭೆಯ ಸದಸ್ಯೆಯಾದ ರುವಾ ರೊಮ್ಮಾನ್ ಒಬ್ಬಾಕೆ. ಅವಕಾಶವು ದೊರೆಯಲಿಲ್ಲ. ಕೆಲವರು ಮಂಟಪದ ಹೊರಗೆ ರಾತ್ರಿಯೆಲ್ಲ ಕುಳಿತರು. ಆಕೆಯು ತಾನು ಬರೆದು ತಂದಿದ್ದ ಭಾಷಣವನ್ನು ಅಲ್ಲಿಯೇ ಓದಿದಳು. ಎಷ್ಟೋ ಗೀತಗಳಿಗೆ ಎಡೆಯಿದ್ದ ಸಭೆಯಲ್ಲಿ ಆ ಒಂದು ಮಾತಿಗೆ ಎಡೆಯಾಗಲಿಲ್ಲ. ನನ್ನ ತಮ್ಮನ ಮಗನು ತನ್ನ ಸಂಸ್ಥಾನದ ಈ ಸಂಗತಿಯನ್ನು ಕೇಳಿರಲಿಲ್ಲ. ಭಾಷಣದ ಪಾಠವು ಪ್ರಕಟವಾಗಿದೆ. ಅದನ್ನು ಹುಡುಕಿ ತೆಗೆದು ಆ ರಾತ್ರಿಯೇ ಇಬ್ಬರೂ ಓದಿದೆವು; ಓದಲು ಹಿಡಿದ ಕಾಲವು ಒಂದು ಹಾಡಿನಷ್ಟೇ.